ಮಣ್ಣಿನ ಗುಣ ತಿಳಿದು ಬಿತ್ತು

ನಮ್ಮ ಗದಗ ಸೀಮೆಯಲ್ಲಿ ಮಸಾರಿ, ಎರೆ ಎರಡೂ ಉಂಟು. ಮಸಾರಿಯಲ್ಲಿ ನೀರು ಬೇಗ ಇಂಗುತ್ತದೆ. ಮಣ್ಣು ಸಡಿಲವಾದ್ದರಿಂದ ಶೇಂಗಾ ಕೀಳುವುದು ಸಲೀಸು. ಎರೆ ಹಾಗಲ್ಲ. ಮಳೆಗಾಲದಲ್ಲಿ ಕುಡಿದ ನೀರನ್ನು ಹಿಡಿದಿಟ್ಟು, ಹಿಂಗಾರಿನ ಬಿಳಿಜೋಳ, ಕಡಲೆಯನ್ನು ಆ ತೇವದಲ್ಲೇ ಬೆಳೆಸುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ.

ಮಲಪ್ರಭಾ ಕಾಲುವೆ ಬಂದ ಮೇಲೆ ಅನೇಕರು ಎರೆಗೂ ಮನಸಾರೆ ನೀರು ಹಾಯಿಸಿದರು. ನೀರು ಬಸಿಯದೆ ನಿಂತಿತು. ಉಪ್ಪು ಮೇಲೆದ್ದು ಹೊಲಗಳು ಸವುಳಾದವು. ಅಪ್ಪ ಬಸಿಗಾಲುವೆ ತೋಡಿಸಿ, ಜೋಳವನ್ನೇ ಬಿತ್ತಿದರು. ನಮ್ಮ ಓದು ಮುಗಿದದ್ದು ಆ ಜೋಳದ ದುಡ್ಡಿನಲ್ಲಿ.

ಹಿತ್ತಲಲ್ಲಿ ಗಿಡ ನೆಡುವ ಮಕ್ಕಳೂ ಮಣ್ಣನ್ನು ಪರೀಕ್ಷಿಸಬಹುದು. ಹಸಿ ಮಣ್ಣನ್ನು ಬೆರಳಲ್ಲಿ ಒತ್ತಿ ಹೊಸೆಯಿರಿ. ಪಟ್ಟಿಯಂತೆ ಉದ್ದವಾದರೆ ಜಿಗುಟು ಮಣ್ಣು, ನೀರು ಮಿತವಾಗಿರಲಿ. ಉದುರಿದರೆ ಮರಳು ಮಣ್ಣು, ಗೊಬ್ಬರ ಬೇಕು. ಗಿಡವನ್ನು ಆಮೇಲೆ ಆರಿಸಿ.