ಆಲ್ಬಮ್‌ನಲ್ಲಿ ದಾದಿ ಇಲ್ಲ

ಮದುವೆಯ ಖರ್ಚಿನ ಪಟ್ಟಿ ಮಾಡುವಾಗ ಶಾಮಿಯಾನ, ಬಿರಿಯಾನಿ, ಬಟ್ಟೆಬರೆಗಳ ಜೊತೆಗೆ ಫೋಟೋದವನ ಲೆಕ್ಕವನ್ನೂ ಬರೆಯುತ್ತೇವೆ. ಊಟ ಕೆಟ್ಟರೆ ಜನ ನಾಲ್ಕು ದಿನ ಆಡಿಕೊಂಡು ಮರೆಯುತ್ತಾರೆ. ಬಟ್ಟೆಯ ಬಣ್ಣ ಹೋದರೆ ಬೇರೆ ತರಬಹುದು. ಫೋಟೋ ಹಾಗಲ್ಲ. ಆ ದಿನ ಮತ್ತೆ ಬರುವುದಿಲ್ಲ. ಆ ದಿನ ಬಂದು ಹರಸಿದವರಲ್ಲಿ ಕೆಲವರು ಮುಂದೆ ನಮ್ಮೊಂದಿಗೆ ಇರುವುದೂ ಇಲ್ಲ.

ನಮ್ಮ ನಿಕಾಹ್ ನಡೆದದ್ದು 2022ರ ಡಿಸೆಂಬರ್‌ನಲ್ಲಿ, ಶಿವಮೊಗ್ಗದಲ್ಲಿ. ನಾನು ಶಿಕ್ಷಕಿ, ನನ್ನ ಪತಿ ಖಾಸಗಿ ಕಂಪೆನಿಯೊಂದರಲ್ಲಿ ಲೆಕ್ಕಪತ್ರ ನೋಡುವವರು. ಫೋಟೋದ ಖರ್ಚನ್ನು ಹಿರಿಯರ ತಲೆಗೆ ಕಟ್ಟುವುದು ಬೇಡವೆಂದು ಇಬ್ಬರೂ ಸಂಬಳದಲ್ಲಿ ಉಳಿಸಿದ್ದೆವು. ಸ್ಟುಡಿಯೋದವರು ತೋರಿಸಿದ ಮಾದರಿ ಆಲ್ಬಮ್‌ಗಳು ನಿಜಕ್ಕೂ ಚೆನ್ನಾಗಿದ್ದವು. ಎರಡು ಆಲ್ಬಮ್, ವಿಡಿಯೋ, ಎಲ್ಲ ಸೇರಿ 65 ಸಾವಿರಕ್ಕೆ ಮಾತಾಯಿತು. ಮಾಲೀಕರೇ ಖುದ್ದಾಗಿ ಬರಬೇಕು, ಹೆಂಗಸರ ಕಡೆ ಮಹಿಳೆಯೇ ಫೋಟೋ ತೆಗೆಯಬೇಕು, 45 ದಿನಗಳಲ್ಲಿ ಆಲ್ಬಮ್ ಕೈಗೆ ಸಿಗಬೇಕು. ಈ ಮೂರು ಮಾತನ್ನೂ ಅವರು ಬಿಲ್ಲಿನ ಹಿಂದೆ ಬರೆದುಕೊಟ್ಟರು. 40 ಸಾವಿರ ಮುಂಗಡ ಕೊಟ್ಟೆವು.

ಮದುವೆಯ ದಿನ ಬಂದವರು ಇಬ್ಬರು ಹುಡುಗರು. ಮಾಲೀಕರು ಅದೇ ದಿನ ಮತ್ತೆರಡು ಮದುವೆ ಒಪ್ಪಿಕೊಂಡಿದ್ದರು. ಮಹಿಳೆ ಬರಲೇ ಇಲ್ಲ. ಕೊನೆಗೆ ನಮ್ಮ ಹೆಂಗಸರು ಸೆರಗು ಸರಿಮಾಡಿಕೊಂಡು, ಮುಜುಗರದಲ್ಲೇ ಆ ಹುಡುಗರಲ್ಲಿ ಒಬ್ಬನನ್ನು ಒಳಗೆ ಬಿಟ್ಟರು. ಅವನನ್ನು ಬೈಯಲು ನನಗೆ ಮನಸ್ಸಾಗದು. ಮೂರು ದಿನಗಳಲ್ಲಿ ಅದು ಅವನ ಮೂರನೇ ಮದುವೆಯಂತೆ, ಹಿಂದಿನ ರಾತ್ರಿ ಬಸ್ಸಿನಲ್ಲಿ ಎರಡು ಗಂಟೆ ಮಲಗಿದ್ದನಂತೆ.

ವಿದಾಯದ ಹೊತ್ತಿನಲ್ಲಿ ದಾದಿ ಕುರ್ಚಿಯಿಂದ ಕಷ್ಟಪಟ್ಟು ಎದ್ದು ನಿಂತು ನನ್ನ ತಲೆಯ ಮೇಲೆ ಕೈಯಿಟ್ಟು ದುಆ ಮಾಡಿದರು. ಫ್ಲ್ಯಾಶ್ ಮಿನುಗಿದ್ದು ನನಗೆ ನೆನಪಿದೆ. 2023ರ ಏಪ್ರಿಲ್‌ನಲ್ಲಿ ದಾದಿ ತೀರಿಕೊಂಡರು. ಆಗಿನ್ನೂ ಆಲ್ಬಮ್ ಬಂದಿರಲಿಲ್ಲ. "ಮುಂದಿನ ವಾರ" ಎಂಬ ಮಾತು ಮಾತ್ರ ವಾರ ವಾರವೂ ಬರುತ್ತಿತ್ತು.

ಏಳು ತಿಂಗಳ ನಂತರ ಆಲ್ಬಮ್ ಬಂತು. ಸಭಾಂಗಣದ ದೀಪ, ವೇದಿಕೆಯ ಹೂವು, ಬಿರಿಯಾನಿಯ ದೇಗ್ಚಿ ಎಲ್ಲವೂ ಸ್ಫುಟವಾಗಿದ್ದವು. ನಿಕಾಹ್‌ನಾಮೆಗೆ ಸಹಿ ಹಾಕುವ ನನ್ನ ಅಬ್ಬಾರ ಮುಖ ಮಸುಕಾಗಿತ್ತು. ದಾದಿ ಎಲ್ಲೂ ಇರಲಿಲ್ಲ. ಕೇಳಿದಾಗ, ಕಾರ್ಡಿನಿಂದ ಅರ್ಧದಷ್ಟೇ ಕಂಪ್ಯೂಟರಿಗೆ ಇಳಿಸಿ, ಮರುದಿನದ ಮದುವೆಗಾಗಿ ಅದನ್ನು ಅಳಿಸಿಬಿಟ್ಟಿದ್ದರು ಎಂದು ತಿಳಿಯಿತು. ಅಳಿಸಿದ ಕಾರ್ಡಿನಿಂದಲೂ ಹಲವು ಸಲ ಫೋಟೋ ಮರಳಿ ಪಡೆಯಬಹುದು. ಆದರೆ ಅದರ ಮೇಲೆ ಹೊಸ ಫೋಟೋಗಳು ಕೂತರೆ ಹಳೆಯವು ಹೋದಂತೆಯೇ. ನಮ್ಮ ಕಾರ್ಡಿನ ಮೇಲೆ ಮತ್ತೆ ಎಷ್ಟೋ ಮದುವೆಗಳು ಮುಗಿದಿದ್ದವು.

"ಸಾವಿರದ ಇನ್ನೂರು ಫೋಟೋ ಕೊಟ್ಟಿದ್ದೀನಲ್ಲ ಸಾರ್, ಒಂದು ಹೋದ್ರೆ ಏನಾಯ್ತು?" ಎಂದರು ಮಾಲೀಕರು.

"ಆ ಒಂದಕ್ಕಾಗಿಯೇ ನಿಮ್ಮನ್ನು ಕರೆದದ್ದು" ಎಂದರು ನನ್ನ ಪತಿ. ಅವರ ದನಿ ಅಷ್ಟು ಗಡುಸಾದದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಅದೇ ವಾರ, ಸ್ಟುಡಿಯೋದ ಇನ್‌ಸ್ಟಾಗ್ರಾಂ ಪುಟದಲ್ಲಿ ನನ್ನ ಮದುಮಗಳ ಫೋಟೋ ಇದೆಯೆಂದು ಸಹೋದ್ಯೋಗಿಯೊಬ್ಬರು ತೋರಿಸಿದರು. ನಮ್ಮನ್ನು ಯಾರೂ ಕೇಳಿರಲಿಲ್ಲ. ನಮಗೆ ಸಿಗಬೇಕಾದದ್ದು ಸಿಗಲಿಲ್ಲ, ಊರಿಗೆ ಸಿಗಬಾರದ್ದು ಸಿಕ್ಕಿತು.

"ಹೋಗಲಿ ಬಿಡಿ, ಹೋದದ್ದು ಬರುತ್ತದೆಯೇ?" ಎಂದು ಹಿರಿಯರು ಸಮಾಧಾನ ಹೇಳಿದರು. ನಾವು ಬಿಡಲಿಲ್ಲ. ಪರಿಚಯದ ವಕೀಲರೊಬ್ಬರು ಹೇಳಿದ ವಿಷಯಗಳು ಎಲ್ಲರಿಗೂ ತಿಳಿದಿರಬೇಕಾದವು. ಹಣ ಪಡೆದು ಮಾಡುವ ಫೋಟೋಗ್ರಫಿಯೂ ಒಂದು ಸೇವೆ. ಅದರಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಎರಡು ವರ್ಷಗಳೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ. 1915 ಸಂಖ್ಯೆಯ ಸಹಾಯವಾಣಿಯೂ ಇದೆ. ಇನ್ನೊಂದು ಮಾತು ನನಗೆ ಅಚ್ಚರಿ ತಂದಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ ಹೊರತು ತೆಗೆದವರದ್ದಲ್ಲ.

ನೋಟಿಸ್ ತಲುಪಿದ ಹತ್ತು ದಿನಗಳಲ್ಲಿ ಮಾಲೀಕರು ಮನೆಗೆ ಬಂದರು. ಪುಟದಿಂದ ಫೋಟೋ ತೆಗೆದರು, 25 ಸಾವಿರ ಹಿಂದಿರುಗಿಸಿದರು. ತಿದ್ದದೆ ಉಳಿದಿದ್ದ ಎಲ್ಲ ಫೋಟೋಗಳಿರುವ ಹಾರ್ಡ್‌ಡಿಸ್ಕನ್ನೂ ಕೊಟ್ಟರು. ಬಿಲ್ಲಿನ ಹಿಂದಿನ ಆ ಮೂರು ಸಾಲುಗಳೇ ನಮ್ಮ ಪರವಾಗಿ ಸಾಕ್ಷಿ ಹೇಳಿದವು.

ಹಾರ್ಡ್‌ಡಿಸ್ಕನ್ನು ನಾವಿಬ್ಬರೂ ಎರಡು ರಾತ್ರಿ ಕೂತು ನೋಡಿದೆವು. ಆಲ್ಬಮ್‌ಗೆ ಆಗದೆಂದು ಬಿಟ್ಟ ಒಂದು ಫೋಟೋದಲ್ಲಿ, ಮುಂದೆ ಮಕ್ಕಳು ಓಡುತ್ತಿದ್ದಾರೆ, ಹಿಂದೆ ಮೂಲೆಯ ಕುರ್ಚಿಯಲ್ಲಿ ದಾದಿ ಕೂತಿದ್ದಾರೆ. ಮುಖ ಸ್ವಲ್ಪ ಮಸುಕು. ಅದನ್ನೇ ದೊಡ್ಡದಾಗಿ ಮುದ್ರಿಸಿ ಅಬ್ಬಾರಿಗೆ ಕೊಟ್ಟೆವು. ಅವರು ಏನೂ ಮಾತಾಡದೆ ಅದನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡರು.

ರೀಲಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ. ಒಂದೊಂದಕ್ಕೂ ಹಣ ಬೀಳುತ್ತಿದ್ದುದರಿಂದ ಫೋಟೋದವನು ಮನೆಯ ಹಿರಿಯರು ಯಾರೆಂದು ಮೊದಲೇ ಕೇಳಿಕೊಳ್ಳುತ್ತಿದ್ದ. ನನ್ನ ಅಮ್ಮಿಯ ಮದುವೆಯ ಚಿಕ್ಕ ಆಲ್ಬಮ್‌ನಲ್ಲಿ ಎಲ್ಲರೂ ಇದ್ದಾರೆ. ಈಗ ಗುಂಡಿ ಒತ್ತಲು ಖರ್ಚಿಲ್ಲ, ಯಾರು ಮುಖ್ಯರೆಂದು ಕೇಳುವ ಪುರುಸೊತ್ತೂ ಇಲ್ಲ. ಮನೆಯಲ್ಲಿ ಮದುವೆ ಇಟ್ಟುಕೊಂಡಿರುವವರಿಗೆ ನನ್ನದೊಂದು ಸಲಹೆ: ಯಾರು ಬರುತ್ತಾರೆ, ಎಂದು ಕೊಡುತ್ತಾರೆ, ಎಲ್ಲಿ ಹಾಕಬಾರದು ಎಂಬುದನ್ನು ಬರೆಸಿಕೊಳ್ಳಿ. ಕಾರ್ಡಿನ ಪ್ರತಿಯನ್ನು ಅಂದೇ ರಾತ್ರಿ ಕೇಳಿ ಪಡೆಯಿರಿ. ಮನೆಯ ಹುಡುಗನೊಬ್ಬನನ್ನು ಕ್ಯಾಮೆರಾದವರ ಜೊತೆಗೆ ಬಿಟ್ಟು, "ಇವರು ನಮ್ಮ ಅಜ್ಜಿ, ಇವರು ನಮ್ಮ ಸೋದರತ್ತೆ" ಎಂದು ತೋರಿಸಲು ಹೇಳಿ. ದೀಪ, ಹೂವುಗಳನ್ನು ಅವರು ಹೇಗೂ ತೆಗೆಯುತ್ತಾರೆ. ನಮ್ಮವರು ಯಾರೆಂಬುದನ್ನು ನಾವೇ ಹೇಳಬೇಕು.