ಬನಶಂಕರಿಯ ಹಾದಿಯಲ್ಲಿ ಜಗ್ಗಿದ ಕಾರು

ಬಾದಾಮಿಯ ಕೆಂಪು ಬಂಡೆಗಳನ್ನು ಹಿಂದೆ ಬಿಟ್ಟು ಚೊಳಚಗುಡ್ಡದ ಕಡೆಗೆ 5 ಕಿಲೋಮೀಟರು ಸಾಗಿದರೆ ಬನಶಂಕರಿ. ಚಾಲುಕ್ಯರ ಕಾಲದಿಂದಲೂ ಇಲ್ಲಿ ದೇವಿಯ ಆರಾಧನೆ ನಡೆದು ಬಂದಿದೆಯಾದರೂ ಈಗ ಕಾಣುವ ಗುಡಿ 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆಯವರು ಕಟ್ಟಿಸಿದುದು. ಗುಡಿಯ ಮುಂದೆ ಮೂರು ಕಡೆ ಕಲ್ಲುಮಂಟಪಗಳಿಂದ ಸುತ್ತುವರಿದ ಹರಿದ್ರಾತೀರ್ಥ; ಅದರ ದಡದಲ್ಲಿ ದೀಪಸ್ತಂಭವೂ ಹೌದು, ಕಾವಲುಗೋಪುರವೂ ಹೌದು ಎನ್ನುವಂಥ ವಿಚಿತ್ರ ಕಟ್ಟಡ. ಪುಷ್ಯಮಾಸದ ಬನದ ಹುಣ್ಣಿಮೆಗೆ ರಥೋತ್ಸವ. ಅಲ್ಲಿಂದಾಚೆಗೆ ವಾರಗಟ್ಟಲೆ ಜಾತ್ರೆ, ರಾತ್ರಿಯಿಡೀ ನಾಟಕ ಕಂಪನಿಗಳ ಆಟ. ಹಿಂದೆ ಜನ ಚಕ್ಕಡಿ ಹೂಡಿಕೊಂಡು ಬರುತ್ತಿದ್ದರು. ಈಗ ಆ ಧೂಳಿನಲ್ಲಿ ಮೋಟಾರುಗಳದೇ ಸಾಲು.

ನಾವು ಹೊರಟದ್ದು ಇಳಕಲ್ಲಿನಿಂದ. ತಾಯಿಯವರಿಗೆ ಎಂಬತ್ತು ಸಮೀಪಿಸಿದೆ. ದೇವಿಗೆ ಇಳಕಲ್ಲ ಸೀರೆ ಉಡಿಸುವ ಹರಕೆ ಎಷ್ಟೋ ವರ್ಷಗಳಿಂದ ಉಳಿದಿತ್ತು. ‘ಮುಂದಿನ ಹುಣ್ಣಿಮಿ ನನಗ ಸಿಗತೈತೋ ಇಲ್ಲೋ’ ಎಂದು ಅವರು ಒಮ್ಮೆ ಅಂದಮೇಲೆ ಮುಂದೂಡುವ ಮಾತಿರಲಿಲ್ಲ. ಹುನಗುಂದ ದಾಟಿ, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಗುಳೇದಗುಡ್ಡದಲ್ಲಿ ಉಡಿ ತುಂಬಲು ಖಣ ಕೊಂಡೆವು. ಅಷ್ಟರಲ್ಲಿ ಕಾರಿನ ಸ್ವಭಾವ ಕೆಟ್ಟಿತ್ತು. ಅದು ತಾನಾಗಿ ಗೇರು ಬದಲಿಸುವ ಕಾರು. ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಎಂಜಿನ್ನಿನ ಸದ್ದು ಏರುವುದು, ವೇಗ ಏರದು. ಮರುಕ್ಷಣ ಹಿಂದಿನಿಂದ ಯಾರೋ ನೂಕಿದಂತೆ ಧಡಕ್ಕನೆ ಜಿಗಿಯುವುದು. ದಾರಿಯ ಊರೊಂದರಲ್ಲಿ ತೋರಿಸಿದಾಗ, ಗೇರುಪೆಟ್ಟಿಗೆಯನ್ನೇ ಇಳಿಸಿ ಬಿಚ್ಚಬೇಕು, ಲಕ್ಷ ರೂಪಾಯಿಯ ಮೇಲಾದೀತು ಎಂದರು. ಬಾದಾಮಿ ದಾಟಿ ಜಾತ್ರೆಯ ಗದ್ದಲದಲ್ಲಿ ಆಮೆಯ ನಡೆ ಹಿಡಿದ ಮೇಲಂತೂ ಜಗ್ಗಾಟ ಹೆಚ್ಚಾಗಿ, ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆವು.

ರೈತರೊಬ್ಬರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದೊಯ್ಯಲು ಮುಂದೆ ಬಂದರು. ಬಾದಾಮಿಯಿಂದ ಬೈಕಿನ ಮೇಲೆ ಬಂದ ಮಧ್ಯವಯಸ್ಸಿನ ಮೇಸ್ತ್ರಿ ಅದನ್ನು ಕಂಡವರೇ ಕೈ ಅಡ್ಡ ಹಿಡಿದರು. ‘ಜಗ್ಗಬ್ಯಾಡ್ರೀ ಯಜಮಾನ್ರ, ಇದರ ಎಂಜಿನ್ ಬಂದಿದ್ರ ಒಳಗ ಎಣ್ಣಿ ಓಡೂದಿಲ್ಲ. ಗಾಲಿ ತಿರುಗಿದ್ರ ಎಲ್ಲಾ ತೀಡಿ ಹೋಗತೈತಿ.’ ಕಾರಿಗೆ ಬೇಡವಾದ ಟ್ರ್ಯಾಕ್ಟರು ತಾಯಿಯವರಿಗಾಯಿತು. ಸೀರೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಟ್ರೇಲರಿನಲ್ಲಿ ಕುಳಿತು, ಮಗಳೊಡನೆ ಅವರು ಗುಡಿಗೆ ಹೋದರು, ತೇರನ್ನೂ ಕಂಡರು.

ಮೇಸ್ತ್ರಿಯ ಮಾತಿನಲ್ಲಿ ಈ ಯಂತ್ರದ ಮರ್ಮವೇ ಅಡಗಿದೆ. ಸಾಮಾನ್ಯ ಕಾರಿನಲ್ಲಿ ಚಾಲಕನ ಕಾಲು ಮಾಡುವ ಕೆಲಸವನ್ನು ಇಲ್ಲಿ ಎಣ್ಣೆ ಮಾಡುತ್ತದೆ. ಎಂಜಿನ್ನಿನೊಡನೆ ತಿರುಗುವ ಪಂಪು ಎಣ್ಣೆಗೆ ಒತ್ತಡ ಕೊಡುತ್ತದೆ. ಆ ಒತ್ತಡ ಕ್ಲಚ್ ಬಿಲ್ಲೆಗಳನ್ನು ಅಮುಕಿ ಹಿಡಿದಾಗ ಗೇರು ಕೂಡುತ್ತದೆ. 1940ರ ಮಾದರಿಯ ಓಲ್ಡ್ಸ್‌ಮೊಬಿಲ್ ಕಾರುಗಳಲ್ಲಿ ಅಮೆರಿಕದವರು ಹೈಡ್ರಾಮ್ಯಾಟಿಕ್ ಎಂದು ಇದನ್ನು ತಂದ ಮೇಲೆ ವಿದ್ಯುತ್ ಕವಾಟಗಳೂ ಕಂಪ್ಯೂಟರೂ ಸೇರಿಕೊಂಡಿವೆ, ತತ್ತ್ವ ಅದೇ. ಎಣ್ಣೆ ಕಡಿಮೆಯಾದರೆ ಪಂಪು ಗಾಳಿಯನ್ನೂ ಹೀರುತ್ತದೆ, ಒತ್ತಡ ಕುಸಿಯುತ್ತದೆ, ಬಿಲ್ಲೆಗಳು ಮೊದಲು ಜಾರಿ ಅನಂತರ ಒಮ್ಮೆಲೆ ಕಚ್ಚುತ್ತವೆ. (ಇಂದು ನಮ್ಮ ಅನೇಕ ಸಣ್ಣ ಕಾರುಗಳಲ್ಲಿರುವ ಎ.ಎಂ.ಟಿ.ಯ ಮಾತು ಬೇರೆ. ಅದರೊಳಗೆ ಸಾಮಾನ್ಯ ಕ್ಲಚ್ಚೇ ಇದೆ, ಒತ್ತುವ ಕಾಲು ಮಾತ್ರ ಯಂತ್ರದ್ದು. ಗೇರು ಬದಲಾಗುವಾಗ ತುಸು ತಲೆದೂಗಿಸುವುದು ಅದರ ಹುಟ್ಟುಗುಣ.)

ಮೇಸ್ತ್ರಿ ಪಾನಾ ಹಿಡಿಯುವ ಮೊದಲು ಪ್ರಶ್ನೆ ಕೇಳಿದರು. ‘ಗೇರ್ ಬದಲಾಗುವಾಗಷ್ಟ ಜಗ್ಗತೈತೋ, ಯಾವಾಗಂದ್ರ ಆವಾಗ ಜಗ್ಗತೈತೋ?’ ಯಾವಾಗೆಂದರೆ ಆಗ ಜಗ್ಗುವುದಾದರೆ ಎಂಜಿನ್ನಿನ ಕಿಡಿಯನ್ನೋ ಇಂಧನವನ್ನೋ ಶಂಕಿಸಬೇಕು. ನಿಂತಲ್ಲಿ ಗೇರು ಹಾಕಿದಾಗ ಮಾತ್ರ ಗುದ್ದಿದರೆ ಎಂಜಿನ್ನನ್ನು ಹೊತ್ತ ರಬ್ಬರು ಹರಿದಿರಬಹುದು. ನಮ್ಮದು ಎರಡೂ ಅಲ್ಲ. ಅವರು ಗೋಣಿಚೀಲ ಹಾಸಿ ಕಾರಿನ ಕೆಳಗೆ ನುಸುಳಿದರು. ಎಣ್ಣೆಯನ್ನು ತಂಪಾಗಿಸಲು ಒಯ್ಯುವ ರಬ್ಬರು ಕೊಳವೆ ಕ್ಲಿಪ್ಪಿನ ಬಳಿ ಬಿರಿದಿತ್ತು. ಅದರ ಕೆಳಗೆ ಧೂಳು ಮೆತ್ತಿದ ಕೆಂಪು ಜಿಡ್ಡು. ಬಿಳಿಯ ಬಟ್ಟೆಗೆ ಒರೆಸಿಕೊಂಡು ಮೂಸಿ ನೋಡಿದರು. ‘ಸುಟ್ಟ ವಾಸನಿ ಇಲ್ರೀ. ಬಿಲ್ಲಿ ಇನ್ನಾ ಜೀವಂತ ಅದಾವ.’ ಎಣ್ಣೆ ಕಂದಿ ಕರಿದಾಗಿ ಕಮಟು ಹೊಡೆದಿದ್ದರೆ ಗೇರುಪೆಟ್ಟಿಗೆ ಬಿಚ್ಚುವುದೇ ಗತಿಯಾಗುತ್ತಿತ್ತು.

ಕಾರಿನ ಪುಸ್ತಕದಲ್ಲಿ ಹೇಳಿದ ಎಣ್ಣೆ ಬಾಗಲಕೋಟೆಯಿಂದ ಮರುದಿನ ಬಂತು. ಅಂಗಡಿಯಲ್ಲಿದ್ದ ಬೇರೊಂದು ಎಣ್ಣೆಯನ್ನು ಸುರಿದುಬಿಡೋಣವೆಂಬ ನಮ್ಮ ಭಾವಮೈದುನನ ಸಲಹೆಗೆ ಮೇಸ್ತ್ರಿ ಉತ್ತರವನ್ನೇ ಕೊಡಲಿಲ್ಲ. ಎಣ್ಣೆಯ ಬಿಸಿಗೂ ಒತ್ತಡಕ್ಕೂ ತಡೆಯುವ ಹೊಸ ಕೊಳವೆ ಹಾಕಿದರು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಎಣ್ಣೆ ಗೊತ್ತಾದ ಶಾಖಕ್ಕೆ ಬಂದುದನ್ನು ಸ್ಕ್ಯಾನರಿನಲ್ಲಿ ನೋಡಿಕೊಂಡೇ ಮಟ್ಟ ಅಳೆದರು. ಹೆಚ್ಚಾದರೂ ಕೇಡೇ. ತಿರುಗುವ ಭಾಗಗಳು ಮೊಸರು ಕಡೆದಂತೆ ಅದನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಗೆ ಒತ್ತಡ ನಿಲ್ಲದು.

ಮೊಸರೆಂದಾಗ ನೆನಪಾಯಿತು: ಆ ಹೊತ್ತಿಗೆ ನಾವು ಗುಡಿಯ ಬಳಿ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳಿಂದ ಖಡಕ್ ಜೋಳದ ರೊಟ್ಟಿ, ಝುಣಕ, ಕೆಂಪು ಚಟ್ನಿ, ಕುಡಿಕೆಯ ಗಟ್ಟಿ ಮೊಸರು ಕೊಂಡು ಪುಷ್ಕರಣಿಯ ಮೆಟ್ಟಿಲ ಮೇಲೆ ಊಟಕ್ಕೆ ಕುಳಿತಿದ್ದೆವು. ಬನಶಂಕರಿಗೆ ಹೋಗುವವರು ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಬಾರದು.

ಹದಿನೈದು ದಿನಗಳ ಮೇಲೆ ಹುಬ್ಬಳ್ಳಿಯಲ್ಲಿ, ಮೇಸ್ತ್ರಿ ಹೇಳಿದಂತೆ, ಗೇರುಪೆಟ್ಟಿಗೆಯ ಅಡಿತಟ್ಟೆ ಇಳಿಸಿ ಸೋಸುಕವನ್ನೂ ಉಳಿದ ಎಣ್ಣೆಯನ್ನೂ ಬದಲಿಸಿದ್ದಾಯಿತು. ತಟ್ಟೆಯ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಲೇಪ ಅಂಟಿತ್ತು. ಅದು ಸಹಜ ಸವೆತ. ಲೋಹದ ಚೂರು ಒಂದೂ ಇರಲಿಲ್ಲ. ಮೂರನೆಯ ಗೇರು ಬಿದ್ದುದು ಈಗ ಕಿವಿಗೆ ಮಾತ್ರ ತಿಳಿಯುತ್ತದೆ.