ಸ್ವಿಚ್ ಹಾಕಿದೆ, ಟಪ್ ಅಂತು

ನಮ್ಮ ಮನೆಯಲ್ಲಿ ಬಲ್ಬಿನ ಸ್ವಿಚ್ಚನ್ನು ಸುಮ್ಮಸುಮ್ಮನೆ ಆಡಿಸುವಂತಿರಲಿಲ್ಲ. ಟಪಟಪ ಸದ್ದು ಕೇಳಿದರೆ ಅಪ್ಪ ಗದರುತ್ತಿದ್ದರು: "ಬಲ್ಬು ಸಾಯೋದು ಉರಿಯುವಾಗಲ್ಲ ಕಣೋ, ಹೊತ್ತಿಸುವಾಗ." ಅವರದು ದಿನಸಿ ಅಂಗಡಿ, ಬೆಲ್ಲ, ಬೇಳೆಯ ಜೊತೆ ಬಲ್ಬನ್ನೂ ಮಾರುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಿದ್ದ ನಾನು ಒಂದು ದಿನ ಗಿರಾಕಿಗಳ ಮುಂದೆಯೇ, "ಅದೆಲ್ಲ ಮೂಢನಂಬಿಕೆ ಅಪ್ಪ, ಉರಿದಷ್ಟೂ ಸವೆಯುತ್ತೆ, ಅಷ್ಟೆ" ಎಂದುಬಿಟ್ಟೆ. ಅಪ್ಪ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ಆಮೇಲೆ ಆ ಮಾತೂ ಎತ್ತಲಿಲ್ಲ.

ಬಿ.ಎಸ್ಸಿ. ಲ್ಯಾಬಿನಲ್ಲಿ 60 ವ್ಯಾಟಿನ ಬಲ್ಬಿನ ರೋಧ ಅಳೆಯಬೇಕಾಗಿ ಬಂತು. 230 ವೋಲ್ಟಿನ ವರ್ಗವನ್ನು 60ರಿಂದ ಭಾಗಿಸಿದರೆ ಸುಮಾರು 880 ಓಮ್. ಮಲ್ಟಿಮೀಟರ್ ಇಟ್ಟರೆ ಬರೀ 65ರ ಆಸುಪಾಸು. ಮೀಟರ್ ಕೆಟ್ಟಿದೆಯೆಂದು ಬೇರೆ ತಂದೆ, ಅದೂ ಅಷ್ಟೇ. ಮೇಷ್ಟ್ರು ನಕ್ಕರು: "ನಿನ್ನ ಲೆಕ್ಕ ಉರಿಯೋ ಬಲ್ಬಿನದು. ಮೀಟರ್ ಅಳೀತಿರೋದು ತಣ್ಣಗಿರೋದನ್ನ."

ಲೋಹ ಕಾದಂತೆ ಅದರ ಪರಮಾಣುಗಳ ಕಂಪನ ಹೆಚ್ಚಿ, ಎಲೆಕ್ಟ್ರಾನುಗಳ ದಾರಿ ಕಷ್ಟವಾಗುತ್ತದೆ. ತಣಿದಂತೆ ಸಲೀಸಾಗುತ್ತದೆ. 1911ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನೆಸ್ ಅವರ ಪ್ರಯೋಗಾಲಯದಲ್ಲಿ ಪಾದರಸವನ್ನು ಮೈನಸ್ 269 ಡಿಗ್ರಿಯ ಹತ್ತಿರಕ್ಕೆ ತಣಿಸಿದಾಗ ರೋಧವೇ ಮಾಯವಾಗಿತ್ತು. ಬಲ್ಬಿನ ಟಂಗ್‌ಸ್ಟನ್ ತಂತಿಯದು ಇನ್ನೊಂದು ತುದಿ: ಉರಿಯುವಾಗ ಸುಮಾರು 2500 ಡಿಗ್ರಿ. ಆಗ ಹರಿಯುವುದು ಕಾಲು ಆಂಪಿಯರ್. ಸ್ವಿಚ್ ಒತ್ತಿದ ಕ್ಷಣದಲ್ಲಾದರೋ ತಂತಿ ಇನ್ನೂ ತಣ್ಣಗೆ. ಮೂರೂವರೆ ಆಂಪಿಯರ್‌ವರೆಗೂ ನುಗ್ಗಬಹುದು. ಸವೆದು ತೆಳುವಾದ ಜಾಗ ಉಳಿದದ್ದಕ್ಕಿಂತ ಬೇಗ ಕಾದು ಅಲ್ಲೇ ತುಂಡಾಗುತ್ತದೆ. ಸವೆಯುತ್ತದೆ ಎಂದ ನನ್ನ ಮಾತು ಸುಳ್ಳಲ್ಲ. ಆದರೆ ಕೊನೆಯ ಏಟು ಸಾಮಾನ್ಯವಾಗಿ ಬೀಳುವುದು ಅಪ್ಪ ಹೇಳಿದ ಹೊತ್ತಿಗೇ.

ಆ ಶನಿವಾರ ಊರಿಗೆ ಹೋದಾಗ ರಾತ್ರಿ ಹೇಳಿದೆ: "ಅಪ್ಪ, ಬಲ್ಬಿನ ವಿಷಯ ನೀವು ಹೇಳಿದ್ದೇ ಸರಿ."

ಚಿಲ್ಲರೆ ಎಣಿಸುತ್ತಲೇ ಅಂದರು: "ಇಪ್ಪತ್ತು ವರ್ಷದಿಂದ ಮಾರ್ತಿದೀನಪ್ಪ. ಹೊಸದು ಕೊಳ್ಳೋಕೆ ಬಂದೋರೆಲ್ಲ ಹೇಳೋದು ಒಂದೇ: ಸ್ವಿಚ್ ಹಾಕಿದೆ, ಟಪ್ ಅಂತು."

ನಾನು ಎರಡು ಮೀಟರಿನಲ್ಲಿ ಅಳೆದಿದ್ದೆ. ಅವರು ಊರಿನಷ್ಟು ಜನರನ್ನು ಕೇಳಿಸಿಕೊಂಡಿದ್ದರು.

ಹೀಯಾಳಿಸಿದ್ದು ಗಿರಾಕಿಗಳ ಮುಂದೆ. ಒಪ್ಪಿಕೊಂಡದ್ದು ಅಂಗಡಿಯ ಬಾಗಿಲು ಹಾಕಿದ ಮೇಲೆ. ಆ ಲೆಕ್ಕ ಮಾತ್ರ ಇವತ್ತಿಗೂ ಸರಿಹೋಗಿಲ್ಲ.